ಬ್ಯಾಲಿಹೇಲ್‌ನಂಥ ಪುಟ್ಟ ಹಳ್ಳಿಯ ಕ್ಲಬ್ ಇಡೀ ಐರ್ಲೆಂಡನ್ನೇ ಗೆದ್ದಿದ್ದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಕೆಲಸದ ಮೇಲೆ ವಾಟರ್‌ಫರ್ಡ್‌ಗೆ ಬಂದಿದ್ದೀರಿ. ಕಿಲ್ಕೆನ್ನಿಗೆ ಹೋಗುವ ಹಳೇ ರಸ್ತೆಯಲ್ಲಿ ಬ್ಯಾಲಿಹೇಲ್ ಅನ್ನೋ ಹಳ್ಳಿ ದಾಟುವಾಗ ಜೊತೆಗಿದ್ದವರು "ಹರ್ಲಿಂಗ್‌ನಲ್ಲಿ ಇವರನ್ನು ಮೀರಿಸಿದ ಕ್ಲಬ್ ಇಲ್ಲ" ಅಂದರು. ಹರ್ಲಿಂಗ್ ಅಂದರೆ ಕೋಲಿನಿಂದ ಚೆಂಡು ಹೊಡೆಯುವ ಐರಿಶ್ ಆಟ. ನೀವು ಕಿಟಕಿಯಲ್ಲಿ ನೋಡಿದರೆ ಒಂದು ಬೀದಿ, ಒಂದು ಚರ್ಚು, ಪಬ್ಬು, ಅಷ್ಟರಲ್ಲಿ ಊರೇ ಮುಗಿದುಹೋಯಿತು. "ಇದು ತಮಾಷೆನಾ, ನಿಜಾನಾ? ಈ ಕ್ಲಬ್ಬಿನ ಹಿನ್ನೆಲೆ ಏನು? ನನ್ನ ಏಳು ವರ್ಷದ ಮಗನನ್ನು ಅಲ್ಲಿಗೆ ಸೇರಿಸಬಹುದಾ?" ಅಂತ ಕೇಳಿದ್ದೀರಿ.

ನಿಜವೇ. ನಾನು ಕಿಲ್ಕೆನ್ನಿಯಲ್ಲಿರುವವನು. ಈ ಊರಿಗೆ ಬಂದ ಮೇಲೆ ಹರ್ಲಿಂಗ್ ಹುಚ್ಚು ಹಿಡಿಸಿಕೊಳ್ಳದೆ ಇರೋಕಾಗಲ್ಲ, ನನಗೂ ಹಿಡಿಯಿತು. ಬ್ಯಾಲಿಹೇಲ್ ಶಾಮ್ರಾಕ್ಸ್ ಕ್ಲಬ್ ಆಲ್-ಐರ್ಲೆಂಡ್ ಕ್ಲಬ್ ಪಟ್ಟವನ್ನು ಒಂಬತ್ತು ಸಲ ಗೆದ್ದಿದೆ. ಅವರ ನಂತರದ ಸ್ಥಾನದಲ್ಲಿರುವ ಬರ್ ಮತ್ತು ಪೋರ್ಟಮ್ನಾ ಕ್ಲಬ್ಬುಗಳು ಗೆದ್ದಿರುವುದು ತಲಾ ನಾಲ್ಕು. ಊರಿನ ಜನಸಂಖ್ಯೆ ಬರೀ ಕೆಲವು ನೂರು.

ಇದು ಅರ್ಥ ಆಗಬೇಕಾದರೆ ಒಂದು ವಿಷಯ ಮೊದಲೇ ತಿಳಿದಿರಬೇಕು. ಗೇಲಿಕ್ ಆಟಗಳಲ್ಲಿ, ಅಂದರೆ ಹರ್ಲಿಂಗ್‌ನಂಥ ಐರ್ಲೆಂಡಿನ ಸ್ವಂತ ಆಟಗಳಲ್ಲಿ, ಸಂಬಳ ಇಲ್ಲ, ಹರಾಜು ಇಲ್ಲ, ಆಟಗಾರರನ್ನು ಕೊಳ್ಳುವುದಿಲ್ಲ. 1884ರ ನವೆಂಬರ್ 1ರಂದು ಥರ್ಲ್ಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ ಮೈಕಲ್ ಕ್ಯೂಸಾಕ್, ಮಾರಿಸ್ ಡೇವಿನ್ ಮತ್ತಿತರರು ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಅಂದರೆ ಜಿಎಎ ಕಟ್ಟಿದರಲ್ಲ, ಅವತ್ತಿನಿಂದಲೂ ಇದು ಹವ್ಯಾಸಿಗಳ ಆಟವೇ. ನೀವು ಯಾವ ಪ್ಯಾರಿಷ್‌ನವರೋ, ಅಂದರೆ ಯಾವ ಚರ್ಚಿನ ವ್ಯಾಪ್ತಿಯ ಊರಿನವರೋ, ಆ ಊರಿಗೇ ಆಡಬೇಕು. ಕಿಲ್ಕೆನ್ನಿಯಲ್ಲಂತೂ ಈ ನಿಯಮ ಬಿಗಿ. ಪಕ್ಕದ ಕ್ಲಬ್ ಚೆನ್ನಾಗಿದೆ ಅಂತ ಸುಮ್ನೆ ಅಲ್ಲಿಗೆ ಜಿಗಿಯೋ ಹಾಗಿಲ್ಲ. ಹಾಗಾಗಿ ಒಂದು ಕ್ಲಬ್ಬಿನ ಆಸ್ತಿ ಅಂದರೆ ಆ ಊರಲ್ಲಿ ಹುಟ್ಟಿದ ಮಕ್ಕಳು, ಅಷ್ಟೇ. ಮಕ್ಕಳೇ ಕಮ್ಮಿ ಇರುವ ಊರು ಏನು ಮಾಡಬೇಕು?

ಬ್ಯಾಲಿಹೇಲ್‌ನವರು 1972ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಅದೇ ಪ್ಯಾರಿಷ್‌ನಲ್ಲಿ ಬ್ಯಾಲಿಹೇಲ್, ನಾಕ್‌ಟೋಫರ್, ನಾಕ್‌ಮೊಯ್ಲನ್ ಅಂತ ಮೂರು ಊರು. ಮೂರೂ ಊರವರು ಒಂದಾಗಿ ಶಾಮ್ರಾಕ್ಸ್ ಕಟ್ಟಿದರು. ಹಸಿರು-ಬಿಳಿ ಅಂಗಿ. ಈ ಕ್ಲಬ್ಬಿನ ಬಗ್ಗೆ ಮಾತಾಡುವಾಗ ಎಲ್ಲರೂ "ಅವರ ರಕ್ತದಲ್ಲೇ ಆಟ ಇದೆ" ಅಂತಾರೆ. ನಾನು ಹಾಗೆ ಅನ್ನಲ್ಲ. ರಕ್ತ ಇದ್ದೇ ಇದೆ, ಆದರೆ ಮೂರು ಕಡೆ ಹಂಚಿಹೋದರೆ ಯಾರಿಗೂ ಹದಿನೈದು ಜನ ಗಟ್ಟಿ ಆಟಗಾರರು ಸಿಗಲ್ಲ. ಐರ್ಲೆಂಡಿನ ಹಳ್ಳಿಯಲ್ಲಿ ಪಕ್ಕದೂರಿನ ಜೊತೆ ಒಂದಾಗೋದು ಸಣ್ಣ ಮಾತಲ್ಲ. ಎರಡು ಮೈಲಿ ಆಚೆಯವನ ಮೇಲಿನ ಹಟ ಡಬ್ಲಿನ್‌ನವನ ಮೇಲೂ ಇರಲ್ಲ. ಒಪ್ಪಿಕೊಂಡಿದ್ದರ ಫಲ ಬೇಗ ಸಿಕ್ಕಿತು. ಆರು ವರ್ಷದಲ್ಲಿ, 1978ಕ್ಕೆ, ಕಿಲ್ಕೆನ್ನಿ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಸೀನಿಯರ್, ಅಂದರೆ ಮೇಲಿನ ದರ್ಜೆಯ ಪಟ್ಟ ಬಂತು. 1979, 1980ರಲ್ಲೂ ಅವರೇ.

ಆ ತಂಡದಲ್ಲಿ ಫೆನೆಲಿ ಮನೆಯವರು ಏಳು ಜನ. ಅಣ್ಣತಮ್ಮಂದಿರು, ಒಂದೇ ತಾಯಿಯ ಮಕ್ಕಳು: ಮೈಕಲ್, ಜೆರ್, ಕೆವಿನ್, ಬ್ರೆಂಡನ್, ಲಿಯಾಮ್, ಶಾನ್, ಡರ್ಮಟ್. 1981ರ ಆಲ್-ಐರ್ಲೆಂಡ್ ಕ್ಲಬ್ ಫೈನಲ್‌ನಲ್ಲಿ ಕಾರ್ಕ್ ನಗರದ ಸೇಂಟ್ ಫಿನ್‌ಬಾರ್ಸ್ ತಂಡವನ್ನು ಸೋಲಿಸಿದಾಗ ಏಳೂ ಜನ ಮೈದಾನದಲ್ಲಿದ್ದರು. ತಂಡವೇ ಹದಿನೈದು ಜನರದ್ದು, ಅದರಲ್ಲಿ ಏಳು ಜನಕ್ಕೆ ಅಡುಗೆ ಒಂದೇ ಮನೆಯಲ್ಲಿ! ಆ ಅಮ್ಮ ತೊಳೆದ ಬಟ್ಟೆಯ ರಾಶಿ ನೆನೆಸಿಕೊಂಡರೆ ನನಗೆ ಸುಸ್ತಾಗುತ್ತದೆ. 1984ರಲ್ಲಿ ಗೋರ್ಟ್ ವಿರುದ್ಧ, 1990ರಲ್ಲಿ ಬ್ಯಾಲಿಬ್ರೌನ್ ವಿರುದ್ಧ ಇನ್ನೆರಡು ಪಟ್ಟ ಬಂದವು.

ಕಿಲ್ಕೆನ್ನಿಯಲ್ಲಿ ಇನ್ನೊಂದು ಹಳೇ ಪದ್ಧತಿ ಇದೆ. ಹಿಂದಿನ ವರ್ಷ ಕೌಂಟಿಯೊಳಗೆ ಗೆದ್ದ ಕ್ಲಬ್‌ಗೆ ಮುಂದಿನ ವರ್ಷದ ಕೌಂಟಿ ತಂಡದ ಕ್ಯಾಪ್ಟನ್ ಯಾರು ಅಂತ ಹೇಳುವ ಹಕ್ಕು. ಅಂದರೆ ಹಳ್ಳಿಯ ಕ್ಲಬ್ ಗೆದ್ದರೆ ಆ ಹಳ್ಳಿಯ ಹುಡುಗ ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಲಿಯಾಮ್ ಮೆಕಾರ್ಥಿ ಕಪ್, ಅಂದರೆ ಕೌಂಟಿ ತಂಡಗಳ ಆಲ್-ಐರ್ಲೆಂಡ್ ಕಪ್ ಎತ್ತಬಹುದು. ಬ್ಯಾಲಿಹೇಲ್‌ನವರಿಗೆ ಇದು ಚೆನ್ನಾಗಿ ಒದಗಿತು. 1979ರಲ್ಲಿ ಜೆರ್ ಫೆನೆಲಿ. 1983ರಲ್ಲೂ 1992ರಲ್ಲೂ ಲಿಯಾಮ್ ಫೆನೆಲಿ. 2007ರಲ್ಲಿ ಹೆನ್ರಿ ಶೆಫ್ಲಿನ್, 2008ರಲ್ಲಿ ಜೇಮ್ಸ್ 'ಚಾ' ಫಿಟ್ಸ್‌ಪ್ಯಾಟ್ರಿಕ್, 2009ರಲ್ಲಿ ಮುಂದಿನ ತಲೆಮಾರಿನ ಮೈಕಲ್ ಫೆನೆಲಿ, 2015ರಲ್ಲಿ ಜೋಯಿ ಹೋಲ್ಡನ್. ಕಿಲ್ಕೆನ್ನಿ ಕೌಂಟಿ ತಂಡ ಇದುವರೆಗೆ ಗೆದ್ದಿರುವುದು 36 ಆಲ್-ಐರ್ಲೆಂಡ್. ಅದರಲ್ಲಿ ಏಳು ಸಲ ಕಪ್ ಹಿಡಿದದ್ದು ಈ ಒಂದು ಪ್ಯಾರಿಷ್‌ನ ಕೈ. ಬೇರೆ ಕ್ಲಬ್ಬಿನವರಿಗೆ ಹೊಟ್ಟೆ ಉರಿಯಲ್ವಾ? ಉರಿಯುತ್ತದೆ, ಚೆನ್ನಾಗಿಯೇ ಉರಿಯುತ್ತದೆ. ಕಿಲ್ಕೆನ್ನಿ ಪೇಟೆಯ ಯಾವ ಪಬ್ಬಿಗಾದರೂ ಹೋಗಿ ಶಾಮ್ರಾಕ್ಸ್ ಹೆಸರೆತ್ತಿ ನೋಡಿ.

ಆದರೆ ಯಾವಾಗಲೂ ಹಬ್ಬವೇ ಇರಲಿಲ್ಲ. 1991ರ ಕೌಂಟಿ ಪಟ್ಟದ ನಂತರ ಆ ಅಣ್ಣತಮ್ಮಂದಿರಿಗೆ ವಯಸ್ಸಾಯಿತು, ಹಿಂದೆ ಬರುವವರು ಸಾಕಾಗಲಿಲ್ಲ. ಮಕ್ಕಳನ್ನೇ ನಂಬಿದ ಕ್ಲಬ್ಬಿಗೆ ಇದೇ ಕಷ್ಟ. ಒಂದು ತಲೆಮಾರು ತೆಳುವಾದರೆ ಕೊಂಡು ತರೋಕಾಗಲ್ಲ, ಹುಡುಗರು ಬೆಳೆಯೋ ತನಕ ಕಾಯಬೇಕು. ಕ್ಲಬ್ ಕೆಳಗಿನ ದರ್ಜೆಗೆ ಜಾರಿ, 1997ರಲ್ಲಿ ಇಂಟರ್‌ಮೀಡಿಯೆಟ್ ಗೆದ್ದು ಮೇಲೆ ಹತ್ತಿತು. ಮತ್ತೆ ಸೀನಿಯರ್ ಪಟ್ಟ ಬಂದದ್ದು 2006ರಲ್ಲಿ. ಹದಿನೈದು ವರ್ಷ!

ಆ ಹೊತ್ತಿಗೆ ಊರಿನ ಪಬ್ಬಿನ ಮನೆಯ ಹುಡುಗ ಹೆನ್ರಿ ಶೆಫ್ಲಿನ್ ದೇಶಕ್ಕೇ ಹೆಸರಾಗಿದ್ದ. ಹತ್ತು ಸೀನಿಯರ್ ಆಲ್-ಐರ್ಲೆಂಡ್ ಪದಕ ಗೆದ್ದ ಮೊದಲ ಆಟಗಾರ ಆತ. 2007ರ ಫೈನಲ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದು ಅರ್ಧಕ್ಕೇ ಹೊರಬಿದ್ದ, ಕಪ್ ಮಾತ್ರ ಕುಂಟುತ್ತಲೇ ಹೋಗಿ ಎತ್ತಿದ. ಕೊನೆಗೆ 2015ರ ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನ ಬ್ಯಾಲಿಹೇಲ್ ಪರ ಕಿಲ್ಮಲಕ್ ವಿರುದ್ಧ ಕ್ಲಬ್ ಫೈನಲ್ ಗೆದ್ದು, ಕೆಲವೇ ದಿನಕ್ಕೆ ಕೌಂಟಿ ತಂಡಕ್ಕೆ ವಿದಾಯ ಹೇಳಿದ. ಇಷ್ಟೆಲ್ಲಾ ಮಾಡಿದವನ ಹೊಟ್ಟೆಪಾಡು ಬ್ಯಾಂಕಿನ ಕೆಲಸ. ಆಮೇಲೆ ಅದೇ ಕ್ಲಬ್ಬಿನ ಮ್ಯಾನೇಜರ್ ಆಗಿ 2019, 2020ರ ಪಟ್ಟ ತಂದುಕೊಟ್ಟ. ಮೈದಾನದಲ್ಲಿ ಶೆಫ್ಲಿನ್ ಜಾಗ ತುಂಬಿದ ಆಟಗಾರ ಟಿ.ಜೆ. ರೀಡ್. ಕೌಂಟಿಯೊಳಗೆ 2018ರಿಂದ 2022ರ ತನಕ ಸತತ ಐದು ವರ್ಷ ಇವರೇ.

ಒಂದು ಪಂದ್ಯದ ಬಗ್ಗೆ ಹೇಳಲೇಬೇಕು, ಯಾಕಂದ್ರೆ ಅದು ನಿಮ್ಮೂರಿಗೂ ಸಂಬಂಧಪಟ್ಟದ್ದು. 2022ರ ಆರಂಭ. ಆಲ್-ಐರ್ಲೆಂಡ್ ಕ್ಲಬ್ ಸೆಮಿಫೈನಲ್‌ನಲ್ಲಿ ಗಾಲ್ವೇಯ ಸೇಂಟ್ ಥಾಮಸ್ ತಂಡದೆದುರು ಶಾಮ್ರಾಕ್ಸ್ ಸೋತೇಬಿಟ್ಟಿತು ಅನ್ನುವಾಗ ಟಿ.ಜೆ. ರೀಡ್ ಕೊನೇ ಗಳಿಗೆಯ ಫ್ರೀ ಹೊಡೆತವನ್ನು ಸೀದಾ ಬಲೆಗೆ ಬಿಟ್ಟ. ಗೆದ್ದರು. ಫೆಬ್ರವರಿ 12ರ ಫೈನಲ್ ವಾಟರ್‌ಫರ್ಡ್‌ನ ಬ್ಯಾಲಿಗನ್ನರ್ ಜೊತೆ. ನಿಗದಿತ ಸಮಯ ಮುಗಿದು ಕೊನೆಗೆ ಸೇರಿಸಿದ ನಿಮಿಷಗಳು ಓಡುತ್ತಿವೆ, ಬ್ಯಾಲಿಹೇಲ್ ಎರಡು ಪಾಯಿಂಟ್ ಮುಂದಿದೆ, ಕಪ್ಪಿಗೆ ರಿಬ್ಬನ್ ಕಟ್ಟೋದೊಂದು ಬಾಕಿ. ಬದಲಿ ಆಟಗಾರ ಹ್ಯಾರಿ ರಡಲ್ ದೂರದಿಂದ ಬೀಸಿದ ಚೆಂಡು ಗೋಲಿಗೆ ಹೋಯಿತು. ಹರ್ಲಿಂಗ್‌ನಲ್ಲಿ ಅಡ್ಡಪಟ್ಟಿಯ ಮೇಲೆ ಹೋದರೆ ಒಂದು ಪಾಯಿಂಟ್, ಕೆಳಗೆ ಬಲೆಗೆ ಬಿದ್ದರೆ ಮೂರು. ಹಾಗಾಗಿ 2-17 ಅಂದರೆ 23, 1-19 ಅಂದರೆ 22. ಒಂದೇ ಪಾಯಿಂಟ್‌ನಲ್ಲಿ ಬ್ಯಾಲಿಗನ್ನರ್ ಗೆದ್ದಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೆಮಿಫೈನಲ್‌ನಲ್ಲಿ ಬಡ್ಡಿಗೆ ತಂದದ್ದನ್ನು ಫೈನಲ್‌ನಲ್ಲಿ ಅಸಲು ಸಮೇತ ಕೊಟ್ಟರು ಅಂತ ಇಲ್ಲಿನ ಬೇರೆ ಕ್ಲಬ್ಬಿನವರು ಒಳಗೊಳಗೇ ಖುಷಿಪಟ್ಟರು. ಅದೇ ವರ್ಷ ಡಿಸೆಂಬರ್‌ನ ಸೆಮಿಫೈನಲ್‌ನಲ್ಲಿ ಶಾಮ್ರಾಕ್ಸ್ ಅದೇ ಬ್ಯಾಲಿಗನ್ನರನ್ನು ಸೋಲಿಸಿ, 2023ರ ಜನವರಿಯಲ್ಲಿ ಆಂಟ್ರಿಮ್‌ನ ಡನ್‌ಲಾಯ್ ವಿರುದ್ಧ ಒಂಬತ್ತನೇ ಪಟ್ಟ ಗೆದ್ದಿತು.

ಫೈನಲ್ ಹತ್ತಿರ ಬಂದಾಗ ಆ ರಸ್ತೆಯಲ್ಲಿ ಒಮ್ಮೆ ಹೋಗಿ. ಬೇಲಿಗೆ, ಗೇಟಿಗೆ, ಗೊಬ್ಬರದ ಚೀಲ ಹೊತ್ತ ಟ್ರ್ಯಾಕ್ಟರಿಗೆ ಕೂಡ ಹಸಿರು-ಬಿಳಿ ಬಾವುಟ. ಸ್ವಲ್ಪ ಮುಂದೆ ಹೋದರೆ ಬಣ್ಣ ಬದಲಾಗುತ್ತದೆ, ಅದು ಕ್ಯಾರಿಕ್‌ಶಾಕ್ ಕ್ಲಬ್ಬಿನ ಸೀಮೆ. ಆ ಕ್ಲಬ್ಬಿನ ಹೆಸರು 1831ರ ಡಿಸೆಂಬರ್ 14ರಂದು ಚರ್ಚಿನ ತೆರಿಗೆ ವಸೂಲಿಗೆ ಬಂದ ಪೊಲೀಸರ ಮೇಲೆ ರೈತರು ತಿರುಗಿಬಿದ್ದ ಜಾಗದ್ದು. ಎರಡೂ ಕಡೆ ಹೆಣ ಬಿದ್ದ ದೊಡ್ಡ ಗಲಾಟೆ ಅದು. ಈ ಕಡೆ ಊರಿನ ಚರಿತ್ರೆ ಕೆದಕಿದರೆ ಕ್ಲಬ್ಬಿನ ಚರಿತ್ರೆಯೂ ಜೊತೆಗೆ ಬರುತ್ತದೆ.

ಈಗ ನಿಮ್ಮ ಮಗನ ವಿಷಯ. ಬ್ಯಾಲಿಹೇಲ್‌ಗೆ ಸೇರಿಸೋಕಾಗಲ್ಲ, ಯಾಕೆ ಅಂತ ಮೇಲೇ ಹೇಳಿದೆ. ನೀವು ಇರುವ ಪ್ಯಾರಿಷ್‌ನ ಕ್ಲಬ್ ಯಾವುದೋ ಅಲ್ಲಿಗೇ ಹೋಗಿ. ವಾಟರ್‌ಫರ್ಡ್ ಪೇಟೆಯ ಅಂಚಿನ ಬ್ಯಾಲಿಗನ್ನರ್ ಕಡೆ ಮನೆ ಇದ್ದರಂತೂ ಮಜಾ, ನಿಮ್ಮ ಹುಡುಗ ಶಾಮ್ರಾಕ್ಸನ್ನು ಕೆಡವಿದ ಅಂಗಿಯನ್ನೇ ಹಾಕಿಕೊಳ್ಳುತ್ತಾನೆ. ಶಾಲೆಯಲ್ಲಿ ಕೇಳಿದರೆ ತರಬೇತಿ ಯಾವತ್ತು ಅಂತ ಹೇಳುತ್ತಾರೆ. ಭಾಷೆ, ಬಣ್ಣ, ಯಾರ ಮಗ ಅಂತ ಯಾರೂ ಕೇಳಲ್ಲ, ಶೂ ಲೇಸ್ ಕಟ್ಟಿದ್ದೀಯಾ ಅಂತ ಕೇಳುತ್ತಾರೆ. ಮುಖದ ಜಾಲರಿ ಇರುವ ಹೆಲ್ಮೆಟ್ ಕಡ್ಡಾಯ, ಅದನ್ನು ಮಾತ್ರ ಹೊಸದೇ ತಗೊಳ್ಳಿ. ಹರ್ಲಿ ಅನ್ನೋ ಕೋಲಿಗೆ ಮೊದಲೇ ಜಾಸ್ತಿ ದುಡ್ಡು ಹಾಕಬೇಡಿ. ಹರ್ಲಿ ಮಾಡುವ ಆ್ಯಶ್ ಮರಕ್ಕೆ ರೋಗ ಬಂದು ಒಳ್ಳೇ ಮರ ಸಿಗೋದು ಕಷ್ಟ ಆಗಿದೆ, ಈಗ ಬಿದಿರಿನವೂ ಬಂದಿವೆ. ಏಳು ವರ್ಷದವನು ಒಂದು ವರ್ಷಕ್ಕೇ ಬೆಳೆದು ಇನ್ನೊಂದು ಅಳತೆ ಕೇಳುತ್ತಾನೆ. ಕ್ಲಬ್ಬಿನಲ್ಲಿ ದೊಡ್ಡ ಮಕ್ಕಳ ಹಳೇ ಹರ್ಲಿ ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಮತ್ತೆ ನೀವು ಕಾರಲ್ಲಿ ಕೂತು ಫೋನ್ ನೋಡುತ್ತಾ ಕಾಯಬಹುದು ಅಂದುಕೊಂಡಿದ್ದರೆ ಅದು ಆಗಲ್ಲ. ಎರಡನೇ ವಾರಕ್ಕೇ ಯಾರೋ ಬಂದು ಕೈಗೆ ಕೋನ್‌ಗಳ ಚೀಲ ಕೊಟ್ಟು, ಮೈದಾನದ ಆ ಕಡೆ ಜೋಡಿಸಿ ಅಂತಾರೆ.