ಕೋಟನ್ನು ಒಳಮೈ ತಿರುಗಿಸಿ ನೋಡಿ

ಅಮೆರಿಕಕ್ಕೆ ಬಂದು ಎರಡು ತಿಂಗಳಾಯ್ತು, ಚಳಿಗಾಲ ಹತ್ತಿರ ಬಂತು, ಆಫೀಸಿನಲ್ಲಿ ಒಬ್ಬಳು ಹಾಕಿಕೊಂಡು ಬರುವ ಚೆಂದದ ಉಣ್ಣೆ ಕೋಟು ತ್ರಿಫ್ಟ್ ಸ್ಟೋರಿನದಂತೆ (ಜನ ದಾನ ಕೊಟ್ಟ ಹಳೆ ಬಟ್ಟೆ, ಸಾಮಾನು ಮಾರುವ ಅಂಗಡಿ), ನೀವೂ ಹೋಗಿ ಎರಡು ಗಂಟೆ ಹುಡುಕಿದರೆ ಬರೀ ಸವೆದ ಸ್ವೆಟರುಗಳೇ ಕಂಡವು, ಅವಳಿಗೆ ಸಿಕ್ಕಿದ್ದು ನಿಮಗೆ ಯಾಕೆ ಸಿಗಲಿಲ್ಲ ಅಂತ ಕೇಳಿದ್ದೀರಿ. ಕೊನೆಯಲ್ಲಿ ಮೆಲ್ಲಗೆ ಇನ್ನೊಂದು ಮಾತೂ ಸೇರಿಸಿದ್ದೀರಿ: ಯಾರೋ ಹಾಕಿ ಬಿಟ್ಟ ಬಟ್ಟೆ, ಮನಸ್ಸು ಒಪ್ಪುತ್ತಿಲ್ಲ.

ಆ ಕೊನೆಯ ಮಾತಿಗೆ ಮೊದಲು ಉತ್ತರ. ನನಗೂ ಹಾಗೇ ಇತ್ತು. ಇಲ್ಲಿಗೆ ಬಂದು 21 ವರ್ಷ ಆಯ್ತು, ಮೊದಲ ಮೂರು ವರ್ಷ ಅಂಥ ಅಂಗಡಿಯ ಹೊಸಿಲು ತುಳಿದಿರಲಿಲ್ಲ. ಹೊಸದೇ ಬೇಕು ಅಂತ ಒಂದು ಕೋಟು ಕೊಂಡೆ. ನೋಡೋಕೆ ಉಣ್ಣೆ, ಲೇಬಲ್ ಓದಿದರೆ ಮುಕ್ಕಾಲು ಪಾಲು ಪಾಲಿಯೆಸ್ಟರ್. ಎರಡನೇ ಚಳಿಗಾಲಕ್ಕೆ ಮೊಣಕೈ ಹತ್ತಿರ ಉಂಡೆ ಉಂಡೆ ಎದ್ದಿತ್ತು, ಗಾಳಿ ಬೀಸಿದರೆ ನೇರ ಎದೆಗೇ ಹೊಡೆಯುತ್ತಿತ್ತು. ಈಗ ಹಾಕುತ್ತಿರುವ ಕೋಟು ವಯಸ್ಸಿನಲ್ಲಿ ನನಗಿಂತ ದೊಡ್ಡದು, ಅದರ ಭುಜ ಇನ್ನೂ ಕುಸಿದಿಲ್ಲ. ಹೋಟೆಲ್ ರೂಮಿನಲ್ಲಿ ಮಲಗುವಾಗ ಆ ಹಾಸಿಗೆಯಲ್ಲಿ ನಿನ್ನೆ ಯಾರು ಮಲಗಿದ್ದರು ಅಂತ ಯಾರೂ ಕೇಳಲ್ಲ, ಅಲ್ವಾ? ಒಗೆದ ಮೇಲೆ ಬಟ್ಟೆ ನಿಮ್ಮದೇ.

ಬಡವರ ಅಂಗಡಿ ಅನ್ನೋ ಅಳುಕಿದ್ದರೆ ಅದನ್ನೂ ಬಿಡಿ. ಇಂಥ ಅಂಗಡಿಗಳನ್ನು ನಡೆಸುವ ದೊಡ್ಡ ಸಂಸ್ಥೆ ಗುಡ್‌ವಿಲ್ ಶುರುವಾಗಿದ್ದು 1902ರಲ್ಲಿ, ಬಾಸ್ಟನ್ನಿನಲ್ಲಿ. ಎಡ್ಗರ್ ಹೆಲ್ಮ್ಸ್ ಅನ್ನುವ ಪಾದ್ರಿ ಉಳ್ಳವರ ಮನೆಗಳಿಂದ ಹಳೆ ಬಟ್ಟೆ, ಸಾಮಾನು ತಂದು, ಕೆಲಸವಿಲ್ಲದವರ ಕೈಯಲ್ಲಿ ರಿಪೇರಿ ಮಾಡಿಸಿ ಮಾರಲು ಶುರು ಮಾಡಿದರು. ಈಗ ಶನಿವಾರ ಹೋದರೆ ಕಾಲೇಜು ಹುಡುಗರು, ದೊಡ್ಡ ಕೆಲಸದಲ್ಲಿರುವವರು, ಇಲ್ಲಿ ಕೊಂಡು ಆನ್‌ಲೈನಿನಲ್ಲಿ ಮಾರುವವರು ಎಲ್ಲ ಒಂದೇ ರ‍್ಯಾಕಿಗೆ ಕೈ ಹಾಕಿರುತ್ತಾರೆ. ಅದಕ್ಕೇ ಶನಿವಾರ ಹೋಗಬೇಡಿ. ವಾರದ ನಡುವೆ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ಡಿಸೆಂಬರ್ ಕೊನೆಯ ವಾರದಲ್ಲಿ ದಾನದ ಚೀಲಗಳು ರಾಶಿ ಬೀಳುತ್ತವೆ, ಯಾಕೆಂದರೆ 31ನೇ ತಾರೀಖಿನೊಳಗೆ ಕೊಟ್ಟರೆ ಮಾತ್ರ ಆ ವರ್ಷದ ತೆರಿಗೆ ಲೆಕ್ಕಕ್ಕೆ ಹಿಡಿಯಬಹುದು. ಜನವರಿಯ ಮೊದಲ ಎರಡು ವಾರ ನನಗೆ ಹಬ್ಬ ಇದ್ದಂತೆ. ವಯಸ್ಸಾದವರು ತೀರಿಕೊಂಡ ಮೇಲೆ ಮನೆಯ ಸಾಮಾನನ್ನೆಲ್ಲ ಮಾರುವ ಎಸ್ಟೇಟ್ ಸೇಲ್‌ಗಳಿಗೂ ಹೋಗಿ, ಹಳೆಯ ಒಳ್ಳೆ ಬಟ್ಟೆ ಅಲ್ಲಿ ಬೀರುವಿನಲ್ಲೇ ನೇತಾಡುತ್ತಿರುತ್ತದೆ.

ಈಗ ನಿಮಗೆ ಯಾಕೆ ಸಿಗಲಿಲ್ಲ ಅನ್ನೋದು. ನೀವು ಕಣ್ಣಲ್ಲಿ ಹುಡುಕಿದ್ದೀರಿ. ಸಾವಿರ ಬಟ್ಟೆ ನೇತಾಡುವ ಕಡೆ ಕಣ್ಣು ಬಣ್ಣಕ್ಕೆ ಸೋಲುತ್ತದೆ, ಹತ್ತು ನಿಮಿಷಕ್ಕೆ ದಣಿಯುತ್ತದೆ. ನಾನು ರ‍್ಯಾಕಿನ ಉದ್ದಕ್ಕೂ ತೋಳುಗಳ ಮೇಲೆ ಕೈ ಆಡಿಸುತ್ತಾ ನಡೆಯುತ್ತೇನೆ, ಲೇಬಲ್ ನೋಡುವುದೇ ಇಲ್ಲ, ಬಣ್ಣವನ್ನೂ ನೋಡಲ್ಲ. ಕೈಗೆ ಭಾರವಾಗಿ, ಸ್ವಲ್ಪ ಒರಟಾಗಿ, ಹಿಂಡಿ ಬಿಟ್ಟರೆ ಮತ್ತೆ ಉಬ್ಬಿಕೊಂಡರೆ ಉಣ್ಣೆ. ರೇಷ್ಮೆ ಮೊದಲು ತಣ್ಣಗಿರುತ್ತದೆ, ಮುಟ್ಟಿದ ಕೂಡಲೇ ಮೈಬಿಸಿ ಹಿಡಿಯುತ್ತದೆ. ಪಾಲಿಯೆಸ್ಟರ್ ಜಾರುತ್ತದೆ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿದರೂ ಸುಕ್ಕು ನಿಲ್ಲಲ್ಲ. ನಿಮ್ಮ ಮನೆಯಲ್ಲೇ ಇರುವ ನಾಲ್ಕು ಬಟ್ಟೆ ತೆಗೆದು ಕಣ್ಣು ಮುಚ್ಚಿ ಮುಟ್ಟಿ ನೋಡಿ, ಎರಡು ದಿನಕ್ಕೆ ಕೈಗೆ ಬರುತ್ತದೆ. ಕೈ ನಿಂತ ಕಡೆ ಹ್ಯಾಂಗರ್ ಹೊರಗೆಳೆಯಿರಿ. ಹೆಂಗಸರ ವಿಭಾಗಕ್ಕೇ ಅಂಟಿಕೊಳ್ಳಬೇಡಿ, ನನ್ನ ಒಳ್ಳೆ ಸ್ವೆಟರುಗಳಲ್ಲಿ ಅರ್ಧ ಗಂಡಸರ ರ‍್ಯಾಕಿನಿಂದ ಬಂದವು. ಜೋಡಿಸುವವರು ಅವಸರದಲ್ಲಿರುತ್ತಾರೆ, ಕೋಟು ನೈಟಿಗಳ ಮಧ್ಯೆ ಸೇರಿರುತ್ತದೆ.

ಹೊರಗೆಳೆದ ಮೇಲೆ ಒಳಮೈ ತಿರುಗಿಸಿ. ಹೊರಗಡೆ ಎಲ್ಲ ಬಟ್ಟೆಯೂ ಚೆಂದವೇ, ಹೊಲಿದವರು ಎಷ್ಟು ನಿಯತ್ತಿನಿಂದ ಹೊಲಿದರು ಅನ್ನೋದು ಒಳಗಡೆ ಇರುತ್ತದೆ. ಹೊಲಿಗೆಯಾಚೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಿ. ಈಗಿನ ಅಗ್ಗದ ಬಟ್ಟೆಯಲ್ಲಿ ಕಡ್ಡಿಯಷ್ಟು ಅಗಲ, ಅದರ ಮೇಲೆ ನೂಲು ಬಿಚ್ಚದಂತೆ ಮಷೀನಿನಲ್ಲಿ ಅಂಚು ಸುತ್ತುವ ಹೊಲಿಗೆ, ಅಂದರೆ ಓವರ್‌ಲಾಕ್. ಹಳೆಯದರಲ್ಲಿ ಬೆರಳಷ್ಟು ಬಿಟ್ಟಿರುತ್ತಾರೆ, ಮುಂದೆ ದಪ್ಪಗಾದರೆ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಅಂತ. ಅಂಚನ್ನು ಓವರ್‌ಲಾಕ್ ಬದಲು ಹಲ್ಲುಹಲ್ಲಾಗಿ ಕತ್ತರಿಸಿ ಬಿಟ್ಟಿದ್ದರೆ ಅದು 1940ರಿಂದ 60ರ ದಶಕದ ಬಟ್ಟೆಗಳಲ್ಲಿ ತುಂಬಾ ಕಾಣುವ ಕೆಲಸ. ಕೆಳಗಿನ ಮಡಿಕೆ ಎರಡು ಮೂರು ಇಂಚು ಇದ್ದು, ಹೊರಗೆ ಕಾಣದ ಹಾಗೆ ಕೈಹೊಲಿಗೆ ಹಾಕಿದ್ದರೆ ಬೆಲೆಚೀಟಿ ನೋಡುವ ಮೊದಲೇ ತೋಳಿಗೆ ಹಾಕಿಕೊಳ್ಳಿ. ಚೌಕಳಿ ಬಟ್ಟೆಯಾದರೆ ಪಕ್ಕದ ಹೊಲಿಗೆಯಲ್ಲಿ ಗೆರೆಗೆ ಗೆರೆ ಕೂಡಿದೆಯಾ ನೋಡಿ. ಕೂಡಿಸೋಕೆ ಬಟ್ಟೆ ಜಾಸ್ತಿ ಬೇಕು, ಕಂಜೂಸಿ ಮಾಡುವವರು ಮೊದಲು ಕೈಬಿಡುವುದೇ ಇದನ್ನು. ಗುಂಡಿ ಮುತ್ತಿನ ಚಿಪ್ಪಿನದೋ ಪ್ಲಾಸ್ಟಿಕ್ಕೋ ಗೊತ್ತಾಗದಿದ್ದರೆ ಕೆನ್ನೆಗೆ ತಾಗಿಸಿ, ಚಿಪ್ಪು ತಣ್ಣಗೆ ಕೊರೆಯುತ್ತದೆ.

ಬ್ಲೇಜರ್ ಆದರೆ ಇನ್ನೊಂದು ಪರೀಕ್ಷೆ. ಎಲ್ಲಕ್ಕಿಂತ ಕೆಳಗಿನ ಕಾಜಾದ ಕೆಳಗೆ ಮುಂದಿನ ಬಟ್ಟೆಯನ್ನೂ ಒಳಗಿನ ಬಟ್ಟೆಯನ್ನೂ ಎರಡು ಕೈಯಲ್ಲಿ ಚಿವುಟಿ ಬೇರೆ ಮಾಡಿ. ಮಧ್ಯೆ ಮೂರನೆಯದೊಂದು ಪದರ ಬಿಡಿಯಾಗಿ ಓಡಾಡುವುದು ಕೈಗೆ ಸಿಕ್ಕರೆ ಕ್ಯಾನ್ವಾಸ್ ಹಾಕಿ ಹೊಲಿದಿದ್ದಾರೆ. ಎಲ್ಲ ಒಂದೇ ರಟ್ಟಿನಂತಿದ್ದರೆ ಅಂಟಿಸಿದ್ದು, ಅದು ಮುಂದೊಂದು ದಿನ ಎದೆಯ ಹತ್ತಿರ ಗುಳ್ಳೆ ಏಳುತ್ತದೆ. ಗಂಡಸರ ಬ್ಲೇಜರುಗಳ ಒಳಗೆ ಗೋಳದ ಮೇಲೆ ಶಿಲುಬೆ ಇರುವ ಲೇಬಲ್ ಕಂಡರೆ ಅದು ಹ್ಯಾರಿಸ್ ಟ್ವೀಡ್. ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳ ಜನ ತಮ್ಮ ಮನೆಗಳಲ್ಲೇ ಕೈಮಗ್ಗದಲ್ಲಿ ನೇಯುವ ಬಟ್ಟೆ ಅದು. ನನಗೆ ಈವರೆಗೆ ಮೂರು ಸಿಕ್ಕಿವೆ.

ವಯಸ್ಸು ಕಂಡುಹಿಡಿಯೋದಕ್ಕೆ ಮಾತ್ರ ಲೇಬಲ್ ಬೇಕು. ನನ್ನ ಕೋಟಿನ ಕಥೆಯನ್ನೇ ಹೇಳುತ್ತೇನೆ. ಕಡು ಹಸಿರು, ಮೊಣಕಾಲಿನವರೆಗೆ. ಕಂಪನಿಯ ಹೆಸರು ಕೇಳಿದ್ದಲ್ಲ. ಒಳಗಿನ ಲೈನಿಂಗಿನ ಹೊಲಿಗೆಯಲ್ಲಿ, ಕಂಕುಳಿನಿಂದ ಸ್ವಲ್ಪ ಕೆಳಗೆ, ಅಂಚೆಚೀಟಿಯಷ್ಟು ಸಣ್ಣ ಇನ್ನೊಂದು ಲೇಬಲ್ ಇತ್ತು: ಐಎಲ್‌ಜಿಡಬ್ಲ್ಯೂಯು. ಹೆಂಗಸರ ಉಡುಪು ಹೊಲಿಯುವ ಕಾರ್ಮಿಕರ ಯೂನಿಯನ್ ಅದು, 1900ರಲ್ಲಿ ಹುಟ್ಟಿ 1995ರಲ್ಲಿ ಇನ್ನೊಂದು ಯೂನಿಯನ್ ಜೊತೆ ಸೇರಿಹೋಯಿತು. ಹಾಗಾಗಿ ಈ ಲೇಬಲ್ ಇದ್ದರೆ 1995ರ ಈಚಿನದಲ್ಲ ಅಂತ ತಿಳಿಯಿರಿ. ಅದರಲ್ಲಿ ಎಎಫ್ಎಲ್-ಸಿಐಒ ಅಂತ ಇದ್ದರೆ 1955ರ ಈಚಿನದು, ಯಾಕೆಂದರೆ ಎಎಫ್ಎಲ್, ಸಿಐಒ ಅನ್ನುವ ಎರಡು ಕಾರ್ಮಿಕ ಒಕ್ಕೂಟಗಳು ಒಂದಾಗಿದ್ದೇ ಆ ವರ್ಷ. ಲೇಬಲ್ ಕೆಂಪು, ಬಿಳಿ, ನೀಲಿ ಮೂರೂ ಬಣ್ಣದಲ್ಲಿದ್ದರೆ 1974ರ ಈಚೆ. ನನ್ನದರಲ್ಲಿ ಎಎಫ್ಎಲ್-ಸಿಐಒ ಇದೆ, ಮೂರು ಬಣ್ಣ ಇಲ್ಲ. ಇನ್ನು ಒಗೆಯುವ ವಿಧಾನ ಹೇಳುವ ಪಟ್ಟಿ ಎಲ್ಲೂ ಇರಲಿಲ್ಲ. ಯಾರಾದರೂ ಕತ್ತರಿಸಿರಬಹುದಲ್ಲ ಅಂತ ಹೊಲಿಗೆಯಲ್ಲಿ ಸಿಕ್ಕಿಕೊಂಡ ಚೂರು ಹುಡುಕಿದೆ, ಅದೂ ಇಲ್ಲ. ಆ ಪಟ್ಟಿ ಹಾಕಲೇಬೇಕು ಅಂತ ಇಲ್ಲಿ ನಿಯಮ ಜಾರಿಯಾಗಿದ್ದು 1972ರ ಜುಲೈನಲ್ಲಿ. ಅಂದರೆ 1955ಕ್ಕೂ 72ಕ್ಕೂ ನಡುವೆ ಯಾವಾಗಲೋ ಹೊಲಿದ ಕೋಟು. ಅಂಗಡಿಯಲ್ಲೇ ನಿಂತು ಇಷ್ಟು ಲೆಕ್ಕ ಹಾಕೋಕೆ ಐದು ನಿಮಿಷ ಸಾಕು.

ಲೇಬಲ್ಲಿನಲ್ಲಿ ದೇಶದ ಹೆಸರೂ ಬಾಯಿ ಬಿಡುತ್ತದೆ. ಪಶ್ಚಿಮ ಜರ್ಮನಿ ಅಂತ ಇದ್ದರೆ 1990ಕ್ಕೆ ಹಿಂದಿನದು, ಬ್ರಿಟಿಷ್ ಹಾಂಗ್ ಕಾಂಗ್ ಅಂತ ಇದ್ದರೆ 1997ಕ್ಕೆ ಹಿಂದಿನದು. ವೂಲ್‌ಮಾರ್ಕ್ ಅನ್ನುವ ಅಪ್ಪಟ ಉಣ್ಣೆಯ ಗುರುತು ಬಂದಿದ್ದು 1964ರಲ್ಲಿ, ಅದಿದ್ದರೆ ಬಟ್ಟೆ ಅದಕ್ಕಿಂತ ಹಳೆಯದಲ್ಲ. ಲೋಹದ ಜಿಪ್ ಇರುವ ಹೆಂಗಸರ ಫ್ರಾಕು, ಲಂಗ ಸಾಮಾನ್ಯವಾಗಿ 60ರ ದಶಕಕ್ಕೆ ಅಥವಾ ಅದಕ್ಕೂ ಹಿಂದಕ್ಕೆ ಸೇರಿದ್ದು, ಆಮೇಲೆ ನೈಲಾನ್ ಜಿಪ್ ಬಂತು. ಆದರೆ ಜಿಪ್ಪನ್ನು ಯಾರಾದರೂ ಬದಲಾಯಿಸಿರಬಹುದು. ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬೇಡಿ.

ನಾನು ಹಾಗೆ ತೀರ್ಪು ಕೊಟ್ಟು ಬೇಸ್ತು ಬಿದ್ದಿದ್ದೇನೆ. ಲೇಬಲ್ಲುಗಳಲ್ಲಿ ಆರ್‌ಎನ್ ಅಂತ ಒಂದು ನಂಬರ್ ಇರುತ್ತದೆ, ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ ಬಟ್ಟೆ ಕಂಪನಿಗಳಿಗೆ ಕೊಡುವುದು, ಅವರ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಕಂಪನಿ ಯಾವುದು ಅಂತ ಬರುತ್ತದೆ. ಒಂದು ಲಂಗದಲ್ಲಿ ಈ ನಂಬರ್ ಬಹಳ ಸಣ್ಣದಿತ್ತು, ಸಣ್ಣ ನಂಬರ್ ಅಂದರೆ ಮೊದಮೊದಲು ಕೊಟ್ಟಿದ್ದು, ಹಾಗಾಗಿ ಲಂಗ ಅರವತ್ತರ ದಶಕದ್ದು ಅಂತ ಕುಣಿದುಕೊಂಡು ಬಂದೆ. ಮನೆಗೆ ಬಂದು ಅದೇ ಲೇಬಲ್ಲಿನ ಹಿಂಬದಿ ನೋಡಿದರೆ, ಒಗೆಯುವ ವಿಧಾನಕ್ಕೆ ಒಂದಕ್ಷರವೂ ಇಲ್ಲ, ಬರೀ ತೊಟ್ಟಿ, ತ್ರಿಕೋನ, ಇಸ್ತ್ರಿಪೆಟ್ಟಿಗೆಯ ಚಿತ್ರಗಳು. ಮಾತಿಲ್ಲದೆ ಬರೀ ಚಿತ್ರ ಹಾಕಬಹುದು ಅಂತ ಇಲ್ಲಿ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಆ ನಂಬರ್ ಕಂಪನಿ ಯಾವಾಗ ನೋಂದಣಿಯಾಯ್ತು ಅಂತ ಹೇಳುತ್ತದೆಯೇ ಹೊರತು ಲಂಗ ಯಾವಾಗ ಹೊಲಿದದ್ದು ಅಂತಲ್ಲ. ಲೀವೈಸ್ ಜೀನ್ಸಿನಲ್ಲೂ ಹೀಗೇ ಬೇಸ್ತು ಬೀಳಬಹುದು. ಹಿಂಬದಿ ಜೇಬಿನ ಕೆಂಪು ಪಟ್ಟಿಯಲ್ಲಿ ಕಂಪನಿಯ ಹೆಸರಿನ ಇ ಅಕ್ಷರ ದೊಡ್ಡದಿದ್ದರೆ (e ಅಲ್ಲ, E) 1971ಕ್ಕೆ ಹಿಂದಿನದು ಅಂತ ಎಲ್ಲರೂ ಹೇಳುತ್ತಾರೆ, ನಿಜವೂ ಹೌದು, ಆದರೆ ಕಂಪನಿಯೇ ಹಳೆ ಮಾದರಿಗಳನ್ನು ದೊಡ್ಡ ಇ ಹಾಕಿ ಮತ್ತೆ ಹೊಲಿದು ಮಾರಿದೆ.

ಒಂದು ಸುಮ್ನೆ ಹೇಳೋ ಮಾತು. ಇಲ್ಲಿನ ಹಳೆ ಗಂಡಸರ ಶರ್ಟುಗಳಲ್ಲಿ ಬ್ಲೀಡಿಂಗ್ ಮದ್ರಾಸ್ ಅಂತ ಸಿಗುತ್ತದೆ. ಮದ್ರಾಸಿನ ಚೌಕಳಿ ಹತ್ತಿಬಟ್ಟೆ, ಒಗೆದಾಗಲೆಲ್ಲ ಬಣ್ಣ ಬಿಡುತ್ತಿತ್ತು. 1960ರ ದಶಕದಲ್ಲಿ ಅದನ್ನೇ ಗುಣ ಅಂತ ಮಾಡಿ, ಬಣ್ಣ ಬಿಡುವುದು ಗ್ಯಾರಂಟಿ ಅಂತ ಜಾಹೀರಾತು ಹಾಕಿ ಮಾರಿದರು. ನಾವಾಗಿದ್ದರೆ ವಾಪಸ್ ಕೊಟ್ಟು ಜಗಳ ಆಡಿ ಬರುತ್ತಿದ್ದೆವು! ಸಿಕ್ಕರೆ ತಗೊಳ್ಳಿ, ಬೇರೆಯಾಗಿ ಒಗೆಯಿರಿ.

ಬಿಟ್ಟುಬಿಡಬೇಕಾದ್ದನ್ನೂ ತಿಳಿದುಕೊಳ್ಳಿ. ಉಣ್ಣೆಯನ್ನು ದೀಪಕ್ಕೆ ಎತ್ತಿ ಹಿಡಿಯಿರಿ, ನುಸಿ ತಿಂದ ತೂತುಗಳು ನಕ್ಷತ್ರದ ಹಾಗೆ ಕಾಣುತ್ತವೆ. ಒಂದೆರಡಾದರೆ ರಫೂ ಮಾಡಬಹುದು, ಹತ್ತಾದರೆ ವಾಪಸ್ ನೇತುಹಾಕಿ. ಹಳೇ ರೇಷ್ಮೆಯನ್ನು ಮೆತ್ತಗೆ ಎಳೆದಾಗ ಗೆರೆಗೆರೆಯಾಗಿ ಸೀಳಿದರೆ ಅದಕ್ಕೆ ಔಷಧಿ ಇಲ್ಲ, ಎಷ್ಟು ಚೆಂದ ಇದ್ದರೂ ಬಿಡಿ. ಕಂಕುಳಿನ ಹಳದಿ ಕಲೆ ಹೋಗುವುದು ಕಷ್ಟ. ನುಸಿಗುಳಿಗೆಯ ವಾಸನೆ ಗಾಳಿಗೆ ಹಾಕಿದರೆ ವಾರದಲ್ಲಿ ಕಮ್ಮಿಯಾಗುತ್ತದೆ, ಸಿಗರೇಟಿನದು ತಿಂಗಳು ಹಿಡಿಯುತ್ತದೆ. ಹೊಲಿಗೆಯ ಸಂದಿಯಲ್ಲಿ, ಕಾಲರಿನ ಅಡಿಯಲ್ಲಿ ಕಪ್ಪು ಚುಕ್ಕೆಗಳಿದ್ದರೆ ತಿಗಣೆ ಇರಬಹುದು, ಯೋಚನೆಯನ್ನೇ ಮಾಡಬೇಡಿ.

ಸೈಜಿನ ನಂಬರ್ ನಂಬಬೇಡಿ. ಹಳೆಯ 14 ಈಗಿನ 8ರಷ್ಟೇ ಇರಬಹುದು. ನಿಮಗೆ ಸರಿಯಾಗಿ ಕೂರುವ ಒಂದು ಕೋಟನ್ನು ಮನೆಯಲ್ಲಿ ಹಾಸಿ ಭುಜ, ಎದೆ, ತೋಳು ಅಳೆದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಟೇಪು ಬ್ಯಾಗಿನಲ್ಲಿರಲಿ. ಉದ್ದ, ಸೊಂಟ ಟೈಲರ್ ಸರಿ ಮಾಡುತ್ತಾರೆ. ಭುಜ ಕೂರದಿದ್ದರೆ ಮಾತ್ರ ಆಸೆ ಬಿಡಿ.

ಮನೆಗೆ ತಂದ ಕೂಡಲೇ ಬೀರುವಿಗೆ ಸೇರಿಸಬೇಡಿ, ನಾನು ಒಂದು ಸಲ ಹಾಗೆ ಮಾಡಿ ನನ್ನ ಬೇರೆ ಎರಡು ಸ್ವೆಟರ್ ನುಸಿಯ ಪಾಲಾದವು. ಹತ್ತಿಯಾದರೆ ನೇರ ವಾಷಿಂಗ್ ಮಷೀನು, ಆಮೇಲೆ ಬಿಸಿ ಡ್ರೈಯರ್. ಉಣ್ಣೆಯನ್ನು ಡ್ರೈಯರಿಗೆ ಹಾಕಿದರೆ ಮಗುವಿನ ಅಳತೆಗೆ ಕುಗ್ಗಿ ಹೊರಬರುತ್ತದೆ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ, ಆಮೇಲೆ ತಣ್ಣೀರಿನಲ್ಲಿ ಕೈಯಲ್ಲೇ ಒಗೆಯಿರಿ. ಕೋಟಾದರೆ ಡ್ರೈಕ್ಲೀನ್. ನೂಲು ಯಾವುದು ಅಂತ ಇನ್ನೂ ಅನುಮಾನ ಇದ್ದರೆ ಒಳಗಿನ ಹೊಲಿಗೆಯಿಂದ ಒಂದೆಳೆ ಎಳೆದು, ಚಿಮುಟದಲ್ಲಿ ಹಿಡಿದು, ಸಿಂಕಿನ ಮೇಲೆ ಸುಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ತಾನೇ ಆರುತ್ತದೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇದು ಮನೆಯಲ್ಲಿ ಮಾತ್ರ. ಅಂಗಡಿಯಲ್ಲಿ ಲೈಟರ್ ತೆಗೆದವರೊಬ್ಬರನ್ನು ನೋಡಿದ್ದೇನೆ, ಅವರನ್ನು ಆಚೆ ಕಳಿಸಿದ್ದನ್ನೂ ನೋಡಿದ್ದೇನೆ.

ಒಗೆಯುವ ಮೊದಲು ಜೇಬು ನೋಡಿ. ನನ್ನ ಹಸಿರು ಕೋಟಿನ ಒಳಜೇಬಿನಲ್ಲಿ ಯಾವುದೋ ಡ್ರೈಕ್ಲೀನಿಂಗ್ ಅಂಗಡಿಯ ಗುಲಾಬಿ ಚೀಟಿ ಇತ್ತು, ಪಿನ್ನು ತುಕ್ಕು ಹಿಡಿದು ಬಟ್ಟೆಗೆ ಅಂಟಿಕೊಂಡಿತ್ತು. ಪಿನ್ನು ತೆಗೆದೆ, ಚೀಟಿ ಅಲ್ಲೇ ಇದೆ. ನಿಮಗೆ ಒಂದು ಸಿಕ್ಕಿದ ದಿನ ಒಳಗಿನ ಲೇಬಲ್ಲುಗಳ ಫೋಟೋ ಎರಡೂ ಬದಿ ತೆಗೆದು ಕಳಿಸಿ, ಯಾವ ಕಾಲದ್ದು ಅಂತ ಸೇರಿ ನೋಡೋಣ.