ಕಥಾ ಸ್ಪರ್ಧೆಯಿಂದ ಬಂದ ದುಡ್ಡಲ್ಲಿ ಮಕ್ಕಳ ಲೈಬ್ರರಿ ಮಾಡಬಹುದಾ?

ತೀರ್ಥಹಳ್ಳಿ ಕಡೆ ಊರವರೆಲ್ಲ ಸೇರಿ ಸಣ್ಣಕಥಾ ಸ್ಪರ್ಧೆ ಮಾಡಿ, ಬಂದ ಹಣದಲ್ಲಿ ಮಕ್ಕಳಿಗೊಂದು ಲೈಬ್ರರಿ ಶುರು ಮಾಡಬೇಕು ಅಂತಿದ್ದೀರಿ. ಪ್ರವೇಶ ಶುಲ್ಕ ಇಡಬಹುದಾ, ದುಡ್ಡನ್ನು ಯಾವುದಕ್ಕೆ ಹಾಕಬೇಕು ಅಂತ ಕೇಳಿದ್ದೀರಿ. ನಾನು ಹೊಸನಗರ ತಾಲ್ಲೂಕಿನವಳು. ನಾವು ಕೆಲವರು ಇಂಥದ್ದೇ ಸ್ಪರ್ಧೆ ನಡೆಸುತ್ತೇವೆ. ನಮಗೆ ಕಂಡದ್ದನ್ನು ಹೇಳುತ್ತೇನೆ.

ದಯವಿಟ್ಟು ಹೊಸ ಲೈಬ್ರರಿ ಕಟ್ಟಲು ಹೋಗಬೇಡಿ. ನಿಮ್ಮ ಪಂಚಾಯಿತಿಯಲ್ಲಿ ಈಗಾಗಲೇ ಒಂದು ಇರುತ್ತದೆ, ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ನೋಡಿರುತ್ತೀರಿ. 2019ರಲ್ಲಿ ಈ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ‘ಓದುವ ಬೆಳಕು’ ಅನ್ನುವ ಸರ್ಕಾರದ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಮನೆ ಕಂದಾಯದ ಜೊತೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಅಂದರೆ ಅದು ನಮ್ಮದೇ ಲೈಬ್ರರಿ ಅಲ್ವಾ? ಅಲ್ಲಿನ ಮೇಲ್ವಿಚಾರಕರ ಹತ್ತಿರ ಕೂತು ರಿಜಿಸ್ಟರ್ ನೋಡಿ. ಎಷ್ಟು ಮಕ್ಕಳ ಹೆಸರಿದೆ, ಅದರಲ್ಲಿ ಎಷ್ಟು ಜನ ಪುಸ್ತಕ ಒಯ್ಯುತ್ತಾರೆ, ಯಾವ ಊರಿನಿಂದ ಒಬ್ಬರೂ ಬರುವುದಿಲ್ಲ ಅಂತ.

ನಮ್ಮ ಕಡೆ ತೊಂದರೆ ಪುಸ್ತಕದ್ದಕ್ಕಿಂತ ಜಾಸ್ತಿ ದಾರಿಯದ್ದು. ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು. ಶಾಲೆ ಬಿಟ್ಟ ಕೂಡಲೇ ಮಕ್ಕಳು ಬಸ್ಸಿಗೆ ಓಡಬೇಕು, ತಪ್ಪಿದರೆ ನಡಿಗೆಯೇ ಗತಿ. ಜುಲೈನಲ್ಲಿ ಹಳ್ಳ ತುಂಬಿದರೆ ಸಂಕ (ಕಾಲುಸೇತುವೆ) ದಾಟಲು ಮನೆಯವರು ಬಿಡುವುದಿಲ್ಲ. ಆ ಮಕ್ಕಳ ಪಾಲಿಗೆ ಪಂಚಾಯಿತಿ ಕಟ್ಟಡದಲ್ಲಿ ಪುಸ್ತಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಅದಕ್ಕೇ ನಾವು ದುಡ್ಡನ್ನು ಕಪಾಟಿಗೆ ಹಾಕದೆ ಡಬ್ಬಗಳಿಗೆ ಹಾಕಿದೆವು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಮಕ್ಕಳ ಪುಸ್ತಕ, ಹೆಸರು ಬರೆಯಲು ಒಂದು ನೋಟ್‌ಬುಕ್, ದಾರ ಕಟ್ಟಿದ ಪೆನ್ನು. ಇದನ್ನು ಹಾಲಿನ ಡೈರಿಯಲ್ಲಿ ಇಡುತ್ತೇವೆ. ಬೆಳಿಗ್ಗೆ ಹೇಗೂ ಹೆಚ್ಚಿನ ಮನೆಯಿಂದ ಯಾರಾದರೂ ಅಲ್ಲಿಗೆ ಬರುತ್ತಾರೆ. ಆಗಾಗ ಮೇಲ್ವಿಚಾರಕರ ಜೊತೆ ಸೇರಿ ಪುಸ್ತಕ ಬದಲಿಸುತ್ತೇವೆ. ಐದನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಾಳೆ. ಹಾಲಿನ ಕ್ಯಾನ್ ಕೆಳಗಿಟ್ಟು, ಡೈರಿಯವರು ಫ್ಯಾಟ್ ನೋಡಿ ಬರೆದುಕೊಡುವಷ್ಟರಲ್ಲಿ ನಿಂತಲ್ಲೇ ಎರಡು ಪುಟ ಓದಿರುತ್ತಾಳೆ. ಆಮೇಲೆ ಪುಸ್ತಕವನ್ನು ಕವರಿಗೆ ಹಾಕಿ, ಎರಡು ಸಲ ಮಡಚಿ, ರೈನ್‌ಕೋಟಿನ ಒಳಗೆ ತೂರಿಸಿಕೊಂಡು ಹೊರಡುತ್ತಾಳೆ. ಮನೆಯಲ್ಲಿ ಅಜ್ಜಿಗೂ ಓದಿ ಹೇಳುತ್ತಾಳಂತೆ. ಇದನ್ನು ನೋಡಲಿಕ್ಕೆಂದೇ ನಾನು ಕೆಲವು ದಿನ ಡೈರಿಗೆ ಹೋಗುತ್ತೇನೆ.

ಪುಸ್ತಕ ಕೊಳ್ಳುವಾಗ ಹೊಲಿಗೆ ಅಥವಾ ಪಿನ್ ಹಾಕಿದ್ದನ್ನೇ ಆರಿಸಿ. ಬರೀ ಗೋಂದಿನ ಬೈಂಡಿಂಗ್ ನಮ್ಮ ಮಳೆಗಾಲದ ಥಂಡಿಗೆ ಬಿಚ್ಚಿಕೊಳ್ಳುತ್ತದೆ. ಬಿಸಿಲು ಕಂಡ ದಿನ ಎಲ್ಲವನ್ನೂ ಹೊರಗೆ ಹರಡಿ, ಇಲ್ಲದಿದ್ದರೆ ಬೂಷ್ಟು ಗ್ಯಾರಂಟಿ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಎರಡರಲ್ಲೂ ಕಡಿಮೆ ಬೆಲೆಯ ಚಿತ್ರಪುಸ್ತಕಗಳು ಕನ್ನಡದಲ್ಲಿವೆ. ಪ್ರಥಮ್‌ನವರ ಸ್ಟೋರಿವೀವರ್ ವೆಬ್‌ಸೈಟಿನಿಂದ ಕಥೆಗಳನ್ನು ಪುಕ್ಕಟೆ ಇಳಿಸಿಕೊಂಡು ಪ್ರಿಂಟ್ ಕೂಡ ತೆಗೆಸಬಹುದು. ಮನೆಮನೆಯಿಂದ ಹಳೇ ಪುಸ್ತಕ ಕೇಳುವುದಾದರೆ ‘ಮಕ್ಕಳು ಓದುವಂಥದ್ದು’ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಹಳೇ ಗೈಡುಗಳೇ ಬಂದು ತುಂಬುತ್ತವೆ.

ಇನ್ನು ಶುಲ್ಕ. ದೊಡ್ಡವರಿಗೆ ಇಡಿ, ನೂರು ರೂಪಾಯಿ ಯಾರಿಗೂ ಭಾರವಾಗಲಿಲ್ಲ. ಮಕ್ಕಳ ವಿಭಾಗಕ್ಕೆ ಬೇಡವೇ ಬೇಡ. ಬಹುಮಾನದ ಹಣವನ್ನು ಮಾತ್ರ ಶುಲ್ಕದಿಂದ ತೆಗೆಯಬೇಡಿ. ಅದಕ್ಕೆ ಅಡಿಕೆ ಮಂಡಿಯವರನ್ನೋ ಊರಿಂದ ಹೋಗಿ ಬೆಂಗಳೂರಲ್ಲಿ ಇರುವವರನ್ನೋ ಕೇಳಿ. ಆಗ ‘ನಿಮ್ಮ ನೂರು ರೂಪಾಯಿ ಪೂರ್ತಿ ಪುಸ್ತಕಕ್ಕೆ’ ಅಂತ ಧೈರ್ಯವಾಗಿ ಹೇಳಬಹುದು. ಲೆಕ್ಕವನ್ನು ಬಿಲ್ ಸಮೇತ ಪಂಚಾಯಿತಿ ನೋಟಿಸ್ ಬೋರ್ಡಿಗೆ ಹಚ್ಚಿ.

ಕಥೆಯ ಮೇಲೆ ಹೆಸರು ಬೇಡ, ನಂಬರ್ ಸಾಕು. ಸಣ್ಣ ಊರು, ಎಲ್ಲರೂ ನೆಂಟರು, ತೀರ್ಪುಗಾರರಿಗೆ ಸುಮ್ನೆ ಮುಜುಗರ. ಕೈಬರಹದ ಕಥೆಗಳನ್ನೂ ತೆಗೆದುಕೊಳ್ಳಿ. ನಮಗೆ ಬಂದ ಒಳ್ಳೆಯ ಕಥೆಗಳಲ್ಲಿ ಹೆಚ್ಚಿನವು ನೋಟ್‌ಬುಕ್ಕಿನ ಹಾಳೆಯಲ್ಲೇ ಬಂದವು.

ದಿನ ಗೊತ್ತು ಮಾಡುವಾಗ ಅಡಿಕೆಯ ಕೊನೆಕೊಯ್ಲು ನೆನಪಿರಲಿ. ದೀಪಾವಳಿ ಆದಮೇಲೆ ಅಡಿಕೆ ಸುಲಿಯುವುದು, ಬೇಯಿಸುವುದು ಅಂತ ಕೂತರೆ ಯಾರಿಗೂ ಪೆನ್ನು ಹಿಡಿಯಲು ಪುರುಸೊತ್ತಿಲ್ಲ. ಮಳೆ ಜೋರಿರುವಾಗ ಕಥೆ ಕರೆಯಿರಿ, ಗಣಪತಿ ಹಬ್ಬಕ್ಕೆ ಮುಗಿಸಿ. ನವೆಂಬರ್ 14ರಿಂದ 20 ಗ್ರಂಥಾಲಯ ಸಪ್ತಾಹ, ಮೊದಲ ದಿನವೇ ಮಕ್ಕಳ ದಿನಾಚರಣೆ. ಬಹುಮಾನವನ್ನು ಅವತ್ತು ಲೈಬ್ರರಿಯಲ್ಲೇ ಕೊಡಿ, ಗೆದ್ದ ಕಥೆಯನ್ನು ಬರೆದವರಿಂದಲೇ ಮಕ್ಕಳೆದುರು ಓದಿಸಿ. ಕಥೆಗಳನ್ನು ಪುಟ್ಟ ಪುಸ್ತಕ ಮಾಡಿ ಡಬ್ಬಗಳಿಗೆ ಹಾಕುವ ಆಸೆ ಇದ್ದರೆ, ಹಕ್ಕು ಬರೆದವರದ್ದೇ, ಅಚ್ಚು ಹಾಕಲು ಒಪ್ಪಿಗೆ ಇದೆ ಅನ್ನುವ ಸಾಲನ್ನು ಅರ್ಜಿಯಲ್ಲೇ ಸೇರಿಸಿ ಸಹಿ ಹಾಕಿಸಿಕೊಳ್ಳಿ.