ನಿಂತ ಗಾಡಿಯ ಟೈರ್ ಬಿಸಿಯೇರುವುದೇಕೆ?

ಪ್ರಶ್ನೆ: ಕಾರಿನ ನಾಲ್ಕೂ ಚಕ್ರಗಳ ಒಳಗೆ ಸೆನ್ಸರ್ ಹಾಕಿಸಿದ್ದೇನೆ. ಆಗುಂಬೆ ಘಾಟಿ ಇಳಿಯುವಾಗ ಮುಂದಿನ ಎರಡೂ ಟೈರ್ 54 ಡಿಗ್ರಿ ತೋರಿಸುತ್ತಿದ್ದವು. ಸೋಮೇಶ್ವರದಲ್ಲಿ ಕಾಫಿಗೆ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ನೋಡಿದರೆ 67! ನಿಂತ ಗಾಡಿಯ ಟೈರ್ ಬಿಸಿಯಾಗುವುದು ಹೇಗೆ? ಸ್ವಲ್ಪ ಗಾಳಿ ಬಿಡಬೇಕಿತ್ತೇ?
– ಓದುಗರು, ಶಿವಮೊಗ್ಗ

ಉತ್ತರ: ಬಿಡದಿದ್ದದ್ದೇ ಒಳ್ಳೆಯದಾಯಿತು. ಒಳಗಿನ ಸೆನ್ಸರ್ ಕೂತಿರುವುದು ವಾಲ್ವಿನ ಬುಡದಲ್ಲಿ, ರಿಮ್ಮಿಗೆ ಅಂಟಿಕೊಂಡು. ಅದು ಅಳೆಯುವುದು ರಬ್ಬರಿನ ಬಿಸಿಯನ್ನಲ್ಲ. ರಿಮ್ ಪಕ್ಕದ ಗಾಳಿಯ ಬಿಸಿಯನ್ನು. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಬ್ರೇಕ್ ಒತ್ತಿ ಒತ್ತಿ ಮುಂದಿನ ಬ್ರೇಕ್ ಡಿಸ್ಕ್‌ಗಳು ಸುಡುವಷ್ಟು ಕಾದಿರುತ್ತವೆ. ಓಡುವಾಗ ಬೀಸುವ ಗಾಳಿ ಆ ಬಿಸಿಯನ್ನು ಕೊಂಡೊಯ್ಯುತ್ತದೆ. ಗಾಡಿ ನಿಂತೊಡನೆ ಅದಕ್ಕೆ ಹೋಗಲು ದಾರಿಯಿಲ್ಲ. ಡಿಸ್ಕಿನಿಂದ ಹಬ್ಬಿಗೆ (ಚಕ್ರದ ನಡುಭಾಗಕ್ಕೆ), ಹಬ್ಬಿನಿಂದ ರಿಮ್ಮಿಗೆ, ಅಲ್ಲಿಂದ ಸೆನ್ಸರಿಗೆ ಹತ್ತುತ್ತದೆ. ಹತ್ತು–ಇಪ್ಪತ್ತು ನಿಮಿಷ ಏರಿ, ಆಮೇಲೆ ತಾನಾಗಿ ಇಳಿಯುತ್ತದೆ. ಎಡ–ಬಲ ಎರಡೂ ಒಂದೇ ಸಮ ಏರಿದ್ದರೆ ಚಿಂತೆ ಬೇಡ.

ಗಾಳಿಯ ಲೆಕ್ಕ ನೋಡಿ. ಬೆಳಿಗ್ಗೆ 24 ಡಿಗ್ರಿಯಲ್ಲಿ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದ ಟೈರ್, ಒಳಗಿನ ಗಾಳಿ 58 ಡಿಗ್ರಿಗೆ ಬಂದಾಗ 37ರ ಆಸುಪಾಸು ತೋರಿಸಲೇಬೇಕು. ಕಾರು ಕಂಪನಿಯವರು ಬಾಗಿಲಿನ ಅಂಚಿನ ಸ್ಟಿಕ್ಕರಿನಲ್ಲಿ ಬರೆದ ಅಂಕಿ ತಣ್ಣನೆಯ ಟೈರಿನದು. ಈ ಏರಿಕೆಯ ಲೆಕ್ಕ ಅದರಲ್ಲಿ ಸೇರಿಯೇ ಇರುತ್ತದೆ. ‘ಜಾಸ್ತಿಯಾಯ್ತು’ ಎಂದು ಐದು ಪಿಎಸ್‌ಐ ಬಿಟ್ಟರೆ ಮರುದಿನ ಬೆಳಿಗ್ಗೆ ಟೈರ್ 27ರಲ್ಲಿರುತ್ತದೆ. ಗಾಳಿ ಕಡಿಮೆಯಾದರೆ ಪಕ್ಕದ ಗೋಡೆ ಹೆಚ್ಚು ಮಡಚುತ್ತದೆ, ಹೆಚ್ಚು ಮಡಚಿದರೆ ಹೆಚ್ಚು ಬಿಸಿ. ಬಿಸಿ ಇಳಿಸಲು ಹೋಗಿ ಬಿಸಿಯನ್ನೇ ಕರೆದಂತೆ. ನೀರು ಎರಚುವುದೂ ಬೇಡ, ಕಾದ ಡಿಸ್ಕ್ ಸೊಟ್ಟಗಾಗಬಹುದು. ಮುಂದಿನ ಸಲ ಇಳಿಯುವಾಗ ಎರಡನೇ ಗೇರ್‌ನಲ್ಲೇ ಇಟ್ಟು ಇಂಜಿನ್ ಹಿಡಿತಕ್ಕೆ ಬಿಡಿ. ತಿರುವಿಗೆ ಮೊದಲು ಬ್ರೇಕ್ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ಉದ್ದಕ್ಕೂ ಕಾಲಿಟ್ಟುಕೊಂಡೇ ಇಳಿಯುವುದೇ 67ರ ಮೂಲ.

ಪ್ರಶ್ನೆ: ಆರು ಚಕ್ರದ ಲಾರಿ. ಅಕ್ಕಿ ತುಂಬಿಕೊಂಡು ಹುಲಿಕಲ್ ಘಾಟಿಯಲ್ಲಿ ಕುಂದಾಪುರಕ್ಕೆ ಇಳಿಯುತ್ತೇವೆ. ಹಿಂದಿನ ಎಡಬದಿಯ ಜೋಡಿ ಟೈರಿನಲ್ಲಿ ಒಳಗಡೆಯ ಒಳಟೈರ್ ಮಾತ್ರ 82 ಡಿಗ್ರಿ ತೋರಿಸಿ ಕೂಗುತ್ತದೆ. ಉಳಿದವು 60–65. ಸೆನ್ಸರ್ ಕೆಟ್ಟಿದೆಯೇ?
– ಲಾರಿ ಮಾಲೀಕರು, ಹೊಸನಗರ

ಉತ್ತರ: ಸೆನ್ಸರನ್ನು ಅನುಮಾನಿಸುವುದು ಕೊನೆಗಿರಲಿ. ಪರೀಕ್ಷಿಸಲೇಬೇಕೆಂದರೆ ಟೈರ್ ತಣ್ಣಗಿದ್ದಾಗ ವಾಲ್ವಿನ ತುದಿಗೆ ತಿರುಗಿಸಿದ ಆ ಕ್ಯಾಪ್ ಸೆನ್ಸರನ್ನು ಬಲಗಡೆಯ ಒಳಟೈರಿಗೆ ಬದಲಿಸಿ ಒಂದು ಟ್ರಿಪ್ ಹೊಡೆಯಿರಿ. ಬಿಸಿ ಸೆನ್ಸರಿನ ಜೊತೆ ಬಲಕ್ಕೆ ಹೋದರೆ ಮಾತ್ರ ಅದರ ದೋಷ. ಒಳಟೈರ್ ಬ್ರೇಕ್ ಡ್ರಮ್ಮಿನ ಪಕ್ಕ, ಗಾಳಿಯಾಡದ ಜಾಗದಲ್ಲಿರುವುದರಿಂದ ಹೊರಟೈರಿಗಿಂತ ಸ್ವಲ್ಪ ಹೆಚ್ಚು ಬಿಸಿ ಇರುವುದು ಸಹಜ. ಆದರೆ ಎಡ ಒಳಟೈರಿಗೂ ಬಲ ಒಳಟೈರಿಗೂ ಹದಿನೈದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರಣ ಇದ್ದೇ ಇರುತ್ತದೆ.

ಡಿಗ್ರಿಯ ಜೊತೆ ಅದೇ ಟೈರಿನ ಪಿಎಸ್‌ಐಯನ್ನೂ ಓದಿ. ಗುಟ್ಟು ಇರುವುದು ಅಲ್ಲೇ. ಬೆಳಿಗ್ಗೆ 25 ಡಿಗ್ರಿಯಲ್ಲಿ 100 ಪಿಎಸ್‌ಐ ಇದ್ದರೆ 75 ಡಿಗ್ರಿಯಲ್ಲಿ 119ರ ಹತ್ತಿರ ಬರಬೇಕು. ಬಿಸಿಗೆ ತಕ್ಕಂತೆ ಒತ್ತಡವೂ ಏರಿದ್ದರೆ ಗಾಳಿ ಸೋರಿಲ್ಲ, ಬಿಸಿ ಹೊರಗಿನಿಂದ, ಅಂದರೆ ಬ್ರೇಕಿನಿಂದ ಇಲ್ಲವೇ ಬೇರಿಂಗಿನಿಂದ ಬರುತ್ತಿರುವ ಸಾಧ್ಯತೆ ಹೆಚ್ಚು. ಬಿಸಿ ಏರಿಯೂ ಒತ್ತಡ 100ರಲ್ಲೇ ನಿಂತಿದ್ದರೆ ಟೈರ್ ಸೋರುತ್ತಿದೆ ಎಂದೇ ತಿಳಿಯಿರಿ. ಬರೀ ಒತ್ತಡದ ಅಂಕಿ ನೋಡುವವರಿಗೆ ‘ನೂರಿದೆಯಲ್ಲ, ಸರಿಯಿದೆ’ ಎನಿಸುವುದು ಇಂಥಲ್ಲೇ.

ಬ್ರೇಕಿನ ಅನುಮಾನವಿದ್ದರೆ, ತಣ್ಣಗಾದ ಮೇಲೆ ಸಮತಟ್ಟು ನೆಲದಲ್ಲಿ ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು ಜಾಕ್ ಏರಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಉಜ್ಜುವ ಸದ್ದಿನೊಡನೆ ಬಿಗಿಯಾಗಿ ತಿರುಗಿದರೆ ಲೈನರ್ (ಬ್ರೇಕಿನ ಉಜ್ಜುವ ಪಟ್ಟಿ) ಡ್ರಮ್ಮಿಗೆ ಕಚ್ಚಿಕೊಂಡಿದೆ: ಬ್ರೇಕಿನ ಬಿಗಿ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಹೆಚ್ಚು ಬಿಗಿಯಾಗಿರಬಹುದು, ರಿಟರ್ನ್ ಸ್ಪ್ರಿಂಗ್ ಸೋತಿರಬಹುದು, ಮಳೆಗಾಲದ ಕೆಸರಿಗೆ, ಲೈನರನ್ನು ಡ್ರಮ್ಮಿಗೆ ತಳ್ಳುವ ಕ್ಯಾಮಿನ ಬುಷ್ ತುಕ್ಕು ಹಿಡಿದಿರಬಹುದು. ಮಲೆನಾಡಿನ ಗಾಡಿಗಳಲ್ಲಿ ಮೊದಲು ಆ ಬುಷ್ ನೋಡಿಸಿ. ಚಕ್ರ ಸಲೀಸಾಗಿ ತಿರುಗಿಯೂ ಗರಗರ ಎಂದರೆ, ಹಬ್ಬಿನ ಸುತ್ತ ಗ್ರೀಸ್ ಕರಗಿ ಇಳಿದಿದ್ದರೆ, ಅದು ಬೇರಿಂಗ್.

ಗಾಳಿಯ ಕಡೆಯ ತೊಂದರೆಯಾದರೆ ಜೋಡಿಯನ್ನು ಒಟ್ಟಿಗೇ ನೋಡಬೇಕು. ಎರಡರ ನಡುವೆ 5 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಇಟ್ಟುಕೊಳ್ಳಬೇಡಿ. ಒಂದು ಹೊಸತು, ಇನ್ನೊಂದು ಸವೆದದ್ದು ಹಾಕಿದರೂ ಅಷ್ಟೇ: ವ್ಯಾಸದಲ್ಲಿ 6 ಮಿ.ಮೀ. ದಾಟಿದರೆ ದೊಡ್ಡ ಟೈರೇ ಹೆಚ್ಚು ಭಾರ ಹೊತ್ತು ಕಾಯುತ್ತದೆ. ಜೋಡಿಯ ಸಂದಿಯಲ್ಲಿ ಜಲ್ಲಿ ಸಿಕ್ಕಿಕೊಂಡಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಒಳಟೈರಿಗೆ ವಾಲ್ವ್ ಎಕ್ಸ್‌ಟೆನ್ಶನ್ (ವಾಲ್ವನ್ನು ಉದ್ದ ಮಾಡುವ ಕೊಳವೆ) ಹಾಕಿ ಅದರ ತುದಿಗೆ ಸೆನ್ಸರ್ ಸಿಕ್ಕಿಸಿದ್ದರೆ ಸೋರುವುದು ಹೆಚ್ಚಾಗಿ ಆ ಕೂಡುವಲ್ಲೇ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಹೇಳುತ್ತದೆ.

ಅಲಾರ್ಮ್ ಮಿತಿಯನ್ನು 70ಕ್ಕೆ ಇಟ್ಟರೆ ಘಾಟಿಯಲ್ಲಿ ದಿನಾ ಕೂಗಿ ಕೂಗಿ ಕೊನೆಗೆ ಚಾಲಕರು ಕಿವಿಗೊಡುವುದನ್ನೇ ಬಿಡುತ್ತಾರೆ. ಡ್ರಮ್ ಬ್ರೇಕಿನ ಲಾರಿಗೆ 80 ಸರಿ ಎಂಬುದು ನಮ್ಮ ಅಭಿಪ್ರಾಯ. 90 ದಾಟಿದರೆ ನಿಲ್ಲಿಸಲೇಬೇಕು. ರಬ್ಬರ್ ಸುಟ್ಟ ವಾಸನೆ, ಹೊಗೆ ಇದ್ದರೆ ಟೈರಿನ ಪಕ್ಕದಲ್ಲಿ ಬಗ್ಗಿ ನೋಡಬೇಡಿ, ಗಾಳಿ ಹೊಡೆಯಬೇಡಿ, ಬಿಡಲೂ ಬೇಡಿ. ಸಿಡಿದರೆ ಪಕ್ಕಕ್ಕೇ ಹಾರುತ್ತದೆ. ದೂರ ಸರಿದು ಪೂರ್ತಿ ಆರುವವರೆಗೆ ಕಾಯಿರಿ.

ಪ್ರಶ್ನೆ: ಬಂಕಿನ ಗೇಜ್ 33 ಅನ್ನುತ್ತದೆ, ಡ್ಯಾಶ್‌ಬೋರ್ಡ್ 32. ಯಾವುದನ್ನು ನಂಬಲಿ?
– ಓದುಗರು, ಶಿವಮೊಗ್ಗ

ಉತ್ತರ: ಎರಡೂ ನಿಜವಿರಬಹುದು. ಚಕ್ರದೊಳಗಿನ ಬಹಳಷ್ಟು ಸೆನ್ಸರ್‌ಗಳು ಒಟ್ಟು ಒತ್ತಡ ಅಳೆದು, ಅದರಿಂದ ಸಮುದ್ರಮಟ್ಟದ ವಾಯುಭಾರವನ್ನು ಕಳೆದು ತೋರಿಸುತ್ತವೆ. ಶಿವಮೊಗ್ಗ ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 570 ಮೀಟರ್ ಮೇಲೆ; ಇಲ್ಲಿನ ವಾಯುಭಾರ ಹೆಚ್ಚುಕಡಿಮೆ 1 ಪಿಎಸ್‌ಐ ಕಡಿಮೆ. ಕೈಗೇಜಿಗೆ ಅದು ಗೊತ್ತು, ಸೆನ್ಸರಿಗೆ ಗೊತ್ತಿಲ್ಲ. ಉಡುಪಿಗೆ ಹೋಗಿ ಅಳೆದರೆ ಆ ವ್ಯತ್ಯಾಸ ಮಾಯವಾಗಬೇಕು. ಗಾಳಿ ತುಂಬುವಾಗ ಒಳ್ಳೆಯ ಕೈಗೇಜನ್ನೇ ನಂಬಿ. ಗಾಡಿ ಮೂರು ಗಂಟೆ ನಿಂತಿರಲಿ, ಒಂದು ಬದಿಗೆ ಬಿಸಿಲು ಬೀಳುತ್ತಿರಬಾರದು.

ಪ್ರಶ್ನೆ: ವಾಲ್ವಿಗೆ ತಿರುಗಿಸುವ ಕ್ಯಾಪ್ ಸೆನ್ಸರ್ ಮಳೆಗಾಲ ಕಳೆದ ಮೇಲೆ ಬಿಚ್ಚಲು ಬರುತ್ತಿಲ್ಲ.
– ಓದುಗರು, ತೀರ್ಥಹಳ್ಳಿ

ಉತ್ತರ: ಹಿತ್ತಾಳೆ ವಾಲ್ವಿನ ಮೇಲೆ ಕ್ಯಾಪಿನ ಅಲ್ಯೂಮಿನಿಯಂ ಮರೆ (ತಿರುಪಿನ ಸುರುಳಿ), ನಡುವೆ ಮೂರು ತಿಂಗಳು ಕೆಸರುನೀರು: ಎರಡು ಲೋಹಗಳು ಕೂಡಿ ತುಕ್ಕಿಗೆ ಹದ ಮಾಡಿಕೊಡುತ್ತವೆ. ಇಕ್ಕಳ ಹಾಕಿ ತಿರುಚಿದರೆ ವಾಲ್ವೇ ಮುರಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಎರಡು ಹನಿ ಬಿಟ್ಟು, ರಾತ್ರಿ ಹಾಗೇ ಇಟ್ಟು, ಬೆಳಿಗ್ಗೆ ವಾಲ್ವಿನ ಬುಡವನ್ನು ಒಂದು ಕೈಯಲ್ಲಿ ಹಿಡಿದು ಹಿಂದೆ–ಮುಂದೆ ಆಡಿಸಿ ಬಿಚ್ಚಿ. ಮತ್ತೆ ಹಾಕುವಾಗ ಮರೆಗೆ ಸಾಸಿವೆಕಾಳಿನಷ್ಟು ಸಿಲಿಕಾನ್ ಗ್ರೀಸ್ ಸವರಿ. ಮಧ್ಯದ ರಂಧ್ರಕ್ಕೆ ತಾಗದಿರಲಿ. ತಿಂಗಳಿಗೊಮ್ಮೆ ಬಿಚ್ಚಿ ಹಾಕುವುದನ್ನು ರೂಢಿ ಮಾಡಿಕೊಳ್ಳಿ. ರಬ್ಬರ್ ವಾಲ್ವ್ ಹಳೆಯದಾಗಿದ್ದರೆ ಲೋಹದ ವಾಲ್ವ್ ಹಾಕಿಸಿ, ಸೆನ್ಸರಿನ ಭಾರಕ್ಕೆ ವೇಗದಲ್ಲಿ ರಬ್ಬರ್ ಬಾಗಿ ಬುಡದಲ್ಲಿ ಬಿರುಕು ಬಿಡುತ್ತದೆ.

ಪ್ರಶ್ನೆ: ನನ್ನ ಕಾರಿನಲ್ಲಿ ಟೈರಿನ ಎಚ್ಚರಿಕೆ ದೀಪವಿದೆ. ಡಿಗ್ರಿ ಎಲ್ಲಿ ನೋಡುವುದು?
– ಓದುಗರು, ಸಾಗರ

ಉತ್ತರ: ಬರೀ ದೀಪವಿದ್ದು ಅಂಕಿಯೇ ಇಲ್ಲದಿದ್ದರೆ ನಿಮ್ಮದು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಅಳೆಯುವ ಚಕ್ರದ ವೇಗ ನೋಡಿ ಗಾಳಿ ಅಂದಾಜು ಮಾಡುವ ಬಗೆಯದಿರಬಹುದು. ಅದರ ಚಕ್ರದಲ್ಲಿ ಸೆನ್ಸರೇ ಇರುವುದಿಲ್ಲ, ಡಿಗ್ರಿ ಸಿಗದು. ಹೊರಗಿನ ಕ್ಯಾಪ್ ಸೆಟ್ ಹಾಕಿಕೊಳ್ಳಬಹುದು. ಓಡುವಾಗ ಗಾಳಿ ಬಡಿಯುವುದರಿಂದ ಅದು ಒಳಗಿನದಕ್ಕಿಂತ ಕಡಿಮೆ ಡಿಗ್ರಿ ತೋರಿಸುತ್ತದೆ ಎಂಬುದು ನೆನಪಿರಲಿ. ಒಳಗಿನದನ್ನೇ ಹಾಕಿಸಿದರೆ, ಟೈರ್ ಬಿಚ್ಚುವಾಗಲೆಲ್ಲ ಪಂಕ್ಚರ್ ಅಂಗಡಿಯವರಿಗೆ ಮೊದಲೇ ಹೇಳಿ: ಯಂತ್ರದ ಒತ್ತುವ ಕೈ ವಾಲ್ವಿನ ಎದುರು ಬದಿಯಲ್ಲಿರಬೇಕು, ಪಂಕ್ಚರ್ ಮುಚ್ಚುವ ದ್ರವ ಒಳಗೆ ಸುರಿಯಬಾರದು. ಆ ದ್ರವ ಸೆನ್ಸರಿನ ಸೂಜಿಗಣ್ಣಿನಂಥ ರಂಧ್ರವನ್ನೂ ಮುಚ್ಚಿಬಿಡುತ್ತದೆ.